ಅಡಿಗಲ್ಲು

ನಿನ್ನೆ ಬಿದ್ದ ಕಲ್ಲು ರಸ್ತೆಯಲ್ಲೇ ಇತ್ತು.
ಹೊನ್ನಾವರದ ಮೀನುಪೇಟೆ ಅರ್ಧ ಷಟರಿನಲ್ಲಿ.
ಬಂಗಡೆ ಕೇಳುವವರಿಲ್ಲ; ಐಸು ಕರಗಿ
ನನ್ನ ಕಾಲಿಗೇ ಬರುತ್ತಿತ್ತು.

ಆಗ ಒಂದೇ ರಿಕ್ಷಾದಿಂದ ಇಳಿದರು:
ಇಗರ್ಜಿಯ ಫಾದರ್ ಇನಾಸ್,
ಮೊಣಕಾಲು ಹಿಡಿದು ಖತೀಬ ಶಾಬಂದ್ರಿ ಸಾಹೇಬರು,
ಮೀನುನೀರಿಗೆ ಪಂಚೆ ಎತ್ತಿ, ಮೂಗು ಮುಚ್ಚಬಾರದೆಂದು
ಉಸಿರು ಬಿಗಿಹಿಡಿದ ಉಪಾಧ್ಯರು.

ಮೂವರನ್ನೂ ಒಟ್ಟಿಗೆ ಕಂಡದ್ದು
ದೋಣಿ ಮಗುಚಿದ ವರ್ಷ ಮಾತ್ರ.
ಕತ್ತಿ ಕೆಳಗಿಟ್ಟು ಕೇಳಿದೆ:
"ಯಾರು ಹೋದ್ರು ಒಡೆಯಾ?"

"ಇನ್ನೂ ಯಾರೂ ಹೋಗಲಿಲ್ಲ ಮಾದೇವಿ.
ಅದಕ್ಕೇ ಬಂದದ್ದು."

ಭಾಷಣವಿಲ್ಲ. ಕಲ್ಲಿಗೆ ಖತೀಬರು ಬಗ್ಗಿದರು,
ಮೊಣಕಾಲು ಬಿಡಲಿಲ್ಲ. ಫಾದರ್ ಅವರ ತೋಳು ಹಿಡಿದರು,
ಉಪಾಧ್ಯರು ಕಲ್ಲೆತ್ತಿದರು,
ಎಲ್ಲಿಡುವುದೆಂದು ತಿಳಿಯದೆ
ಮೂವರೂ ನನ್ನ ಮುಖ ನೋಡಿದರು.

ಇಲ್ಲಿಡಿ ಅಂದೆ, ಬುಟ್ಟಿಯಡಿಗೆ.
ಬೆಳಗಿನಿಂದ ವಾಲುತ್ತಾ ಇದೆ.