ನೋಟರಿಗೊಂದು ಉತ್ತರ

ಕೂತುಕೊಳ್ಳಿ ಅಂಬ್ರೋಸಿಯವರೇ. ಆ ಸ್ಟೂಲಿನ ಒಂದು ಕಾಲು ಗಿಡ್ಡ,
ಗೋಡೆಗೆ ಒರಗಿಸಿಕೊಳ್ಳಿ.
ನಿಮ್ಮ ಯಂತ್ರ ಇನ್ನೂ ನೀಲಿ ಪರದೆ ಹೊದ್ದು ಕೂತಿದೆ,
ಶೇಕಡಾ ಮೂವತ್ತೆಂಟಕ್ಕೆ ಬಂದು ನಿಂತು ಅರ್ಧ ಗಂಟೆ.
ಅಷ್ಟರಲ್ಲಿ ನೀವು ಮೂರನೇ ಸಲ ಕೇಳಿದಿರಿ:
ತೊಂದರೆಯೇ ಇಲ್ಲದ್ದು ಒಂದಾದರೂ ಇಲ್ಲವೇ, ಲಾಮ್ಜಿರಾ?

ಹೋದ ವರ್ಷ ಔಷಧಿ ಅಂಗಡಿಯ ತ್ಸಿಯುರಿ
ಸಿಟ್ಟಿನಲ್ಲಿ ಇದನ್ನು ಬಿಟ್ಟು ಅದಕ್ಕೆ ಹೋದಳು.
ಹದಿನೈದು ದಿನ ಕುತೈಸಿ ತುಂಬ ಹೊಗಳಿಕೊಂಡು ತಿರುಗಿದಳು.
ಆಮೇಲೆ ಅವಳ ಪ್ರಿಂಟರೇ ಅವಳ ಗುರುತು ಹಿಡಿಯಲಿಲ್ಲ.
ಅಳಿಯ ಅಲ್ಲ, ಮಗಳ ಗಂಡ.

ನಿಮ್ಮ ಕಚೇರಿಯಲ್ಲಿ ನೀವೇನು ಮಾಡುತ್ತೀರಿ, ಹೇಳಿ.
ಕೊಳ್ಳುವವನದು ಒಂದು ಮಾತು, ಮಾರುವವನದು ಇನ್ನೊಂದು,
ಸತ್ತ ಚಿಕ್ಕಪ್ಪನ ಸಹಿಯದು ಮೂರನೆಯದು.
ನಡುವೆ ಕೂತು ಮುದ್ರೆ ಒತ್ತಬೇಕು ನೀವು.
ಇದರದೂ ಅದೇ ಹಾಡು.
ಕೆಳಗೆ ತಗಡು, ಮೇಲೆ ಮನುಷ್ಯ,
ಒಬ್ಬರ ಭಾಷೆ ಒಬ್ಬರಿಗೆ ಬಾರದು.
ತೈವಾನಿನಲ್ಲಿ ಯಾರೋ ಕೆತ್ತಿದ ಚಿಪ್,
ಎಲ್ಲೋ ಒಬ್ಬ ನಿದ್ದೆಗೆಟ್ಟು ಬರೆದ ಡ್ರೈವರ್,
ನಿಮ್ಮ ಗುಮಾಸ್ತ ಆಸೆಪಟ್ಟು ತುಂಬಿದ ಹದಿನೇಳು ಫಾಂಟು
ಎಲ್ಲರೂ ಒಂದೇ ಕ್ಷಣಕ್ಕೆ ನಾನು ಮೊದಲು ಅಂದರೆ
ಯಾರನ್ನಾದರೂ ಕಾಯಿಸಲೇಬೇಕು.

ಮತ್ತೆ ನೀವೇ ಅಲ್ಲವೇ ಹೇಳಿದ್ದು,
ತೊಂಬತ್ತೆಂಟರ ದಸ್ತಾವೇಜೂ ಇದರಲ್ಲಿ ತೆರೆಯಬೇಕು ಅಂತ?
ಹಳಬರಿಗೆಂದು ಚಿಲಕ ಹಾಕದೆ ಬಿಟ್ಟ ಬಾಗಿಲು ಅದು.
ನೆಂಟರು ಬರುವ ದಾರಿಯಲ್ಲೇ ಕಳ್ಳನೂ ಬರುತ್ತಾನೆ.
ಮುಚ್ಚಿದರೆ ನೀವು ಬೈಯುತ್ತೀರಿ, ತೆರೆದಿಟ್ಟರೆ ಬ್ಯಾಂಕಿನವರು.

ಇಪ್ಪತ್ತಾರು ವರ್ಷ ಇವುಗಳ ಹೊಟ್ಟೆ ಬಗೆದಿದ್ದೇನೆ.
ಮೊದಮೊದಲು ಒಂದು ತಪ್ಪು ಸಿಕ್ಕರೆ
ಜೇಬುಗಳ್ಳನ ಕೈ ಹಿಡಿದಷ್ಟು ಖುಷಿ.
ಅದನ್ನು ತೆಗೆದಲ್ಲೇ ಇನ್ನೊಂದು,
ತೇಪೆಯ ಅಂಚಿಗೇ ಬಟ್ಟೆ ಹರಿಯುವ ಹಾಗೆ.
ಈಗ, ಹೇಗೆ ಹೇಳಲಿ,
ಅಷ್ಟು ಕೋಟಿ ಸಾಲುಗಳಲ್ಲಿ ಹೆಚ್ಚಿನವು ಸರಿಯಾಗಿವೆಯಲ್ಲ,
ರಾತ್ರಿ ಷಟರ್ ಎಳೆಯುವಾಗ
ಅದೇ ನನಗೆ ಸೋಜಿಗ.

ಅಗೋ, ಆ ಹಲಗೆಯ ಮೇಲಿನದು ನೋಡಿ.
ಗುಂಡಿ ಕಾರ್ಖಾನೆ ಮುಚ್ಚಿದ ವರ್ಷ ಹರಾಜಿನಲ್ಲಿ ತಂದದ್ದು.
ಮೊನ್ನೆಯವರೆಗೆ ಪ್ಲಾಸ್ಟಿಕ್ಕು ಸಹ ಬಿಚ್ಚಿರಲಿಲ್ಲ,
ಒಂದು ಕಡತ ಕಂಡಿರಲಿಲ್ಲ, ಒಂದು ಬೆರಳು ತಾಕಿರಲಿಲ್ಲ.
ಊರಿಗೊಂದಾದರೂ ನಿರ್ದೋಷಿ ಇರಲಿ ಎಂದು
ಗಿರಾಕಿ ರೇಗಿದಾಗಲೆಲ್ಲ ಅದರ ಕಡೆ ಕೈ ತೋರಿಸುತ್ತಿದ್ದೆ.
ಮಂಗಳವಾರ ಕೆಲಸವಿರಲಿಲ್ಲ.
ರಿಯೋನಿ ಸೇತುವೆಯ ಮೇಲೆ ಹಿಮ, ವ್ಯಾನುಗಳು ನಿಂತಿದ್ದವು.
ಬಿಚ್ಚಿ ವೈರು ಸಿಕ್ಕಿಸಿದೆ.
ಒಳಗಿನ ಪುಟ್ಟ ಬ್ಯಾಟರಿ ಯಾವಾಗಲೋ ಸತ್ತಿತ್ತು.
ಅದು ನಿಧಾನಕ್ಕೆ ಕಣ್ಣು ಬಿಟ್ಟು
ಚೂರೂ ಅನುಮಾನವಿಲ್ಲದೆ ಹೇಳಿತು:
ಇಂದು ಜನವರಿ ಒಂದು, ಎರಡು ಸಾವಿರದ ಇಸವಿ.

ನಗಬೇಡಿ. ತಿದ್ದಲು ಮನಸ್ಸಾಗಲಿಲ್ಲ.
ಆ ದಿನ ನನಗೆ ಮೂವತ್ತೂ ಆಗಿರಲಿಲ್ಲ.

ಓ, ಮೂವತ್ತೊಂಬತ್ತಾಯಿತು ನಿಮ್ಮದು.
ಫ್ಲಾಸ್ಕಿನಲ್ಲಿ ಚಹಾ ಇದೆ,
ಸಕ್ಕರೆ ಆ ಮುರಿದ ಕೀಬೋರ್ಡಿನ ಹಿಂದೆ.