ಆರನೆಯ ಹೇಂಟೆಯ ಅಳತೆ

ನಾನು ಕೋಳಿಗೂಡು ಕಟ್ಟಿಕೊಡುವವಳು.
ಲುನೆನ್‌ಬರ್ಗಿನ ಈ ಬಂದರಿನಲ್ಲಿ
ಮೊದಲು ದೋಣಿಗೆ ಹಲಗೆ ಹೊಡೆಯುತ್ತಿದ್ದೆ.
ದೋಣಿಗಳು ಕಡಿಮೆಯಾದವು, ಸುತ್ತಿಗೆ ಉಳಿಯಿತು.
ಬಂದವರೆಲ್ಲ ಕೇಳುವುದು ಒಂದೇ:
ಒಂದು ಕೋಳಿಗೆ ಎಷ್ಟು ಜಾಗ, ವೆಲ್ಡಾ?
ನಾಲ್ಕು ಚದರಡಿ ಎನ್ನುತ್ತೇನೆ.
ನನ್ನ ಮುಖ ನೋಡುತ್ತಾರೆ, ಮರದ ಬೆಲೆ ನೋಡುತ್ತಾರೆ,
ಮೂರಕ್ಕಾಗದೇ? ಎರಡಕ್ಕೆ?
ಬದನೆಕಾಯಿಗೆ ಕೂತವರ ಹಾಗೆ ಚೌಕಾಸಿ.

ಈನೋಸ್ ಕಾರ್ಕಮ್ ಬಂದದ್ದು ಅಕ್ಟೋಬರಿನಲ್ಲಿ.
ಮೂವತ್ತು ವರ್ಷ ಸ್ಕಾಲಪ್ ಹಡಗಿನಲ್ಲಿ
ಅಡುಗೆ ಮಾಡಿದವನು.
ಆರು ಹೇಂಟೆಗೆ ಹನ್ನೆರಡು ಚದರಡಿ ಸಾಕು, ಎಂದ.
ನಾನು ಮಲಗುತ್ತಿದ್ದ ಹಲಗೆ ಎರಡಡಿ ಅಗಲ,
ಮಗ್ಗುಲು ತಿರುಗಿದರೆ ಮೇಲಿನವನ ಹಾಸಿಗೆ
ಭುಜಕ್ಕೆ ತಾಗುತ್ತಿತ್ತು.
ಮನುಷ್ಯನಿಗೇ ಅಷ್ಟು. ಕೋಳಿಗೇನು ಅರಮನೆಯೇ?
ಹಾಸಿಗೆ ಇದ್ದಷ್ಟು ಕಾಲು ಚಾಚಲಿ.

ದುಡ್ಡು ಅವನದು. ಕಟ್ಟಿಕೊಟ್ಟೆ.
ಸ್ಪ್ರೂಸ್ ಹಲಗೆ, ಮಿಂಕ್ ನುಗ್ಗದ ಹಾಗೆ ದಪ್ಪ ಜಾಲರಿ,
ಇಳಿಜಾರು ಸೂರು, ಅಡ್ಡಗೋಲು ಒಂದು.
ನೋಡಲು ಚಂದವಾಗಿತ್ತು.
ನನ್ನ ತಪ್ಪು ಅದೇ.

ಫೆಬ್ರವರಿಯಲ್ಲಿ ಹನ್ನೊಂದು ದಿನ ಹಿಮ.
ಕೋಳಿ ಹಿಮಕ್ಕೆ ಕಾಲಿಡುವುದಿಲ್ಲ,
ಬಾಗಿಲಲ್ಲಿ ಒಂದು ಕಾಲೆತ್ತಿ ನಿಂತು
ಇದ್ಯಾರ ಕೆಲಸ ಎಂಬಂತೆ ನೋಡಿ
ಒಳಗೆ ತಿರುಗುತ್ತದೆ.
ಒಳಗೆ ಹುಳವಿಲ್ಲ, ಕೆದರಲು ಮಣ್ಣಿಲ್ಲ,
ಇರುವುದು ಒಂದರ ಬೆನ್ನು ಇನ್ನೊಂದಕ್ಕೆ.

ಹನ್ನೆರಡನೆಯ ದಿನ ಫೋನು.
ರಕ್ತ, ಎಂದ. ಇಟ್ಟ.

ಐದು ಹೇಂಟೆಗಳು ಗುಂಡಗೆ, ಮಿರಮಿರ,
ಏನೂ ಅರಿಯದ ಮುಖದಲ್ಲಿ.
ಆರನೆಯದು ಮೂಲೆಗೆ ತಲೆ ತುರುಕಿ ನಿಂತಿತ್ತು,
ತಲೆ ಕಾಣದಿದ್ದರೆ ಮೈಯೂ ಕಾಣದೆಂಬ ಹಾಗೆ.
ಬಾಲದ ಬುಡದಲ್ಲಿ ಗರಿಯಿಲ್ಲ, ಹಸಿ ಕೆಂಪು.
ಪೈನಿನ ಡಾಂಬರು ಸವರಿದೆ, ಕಹಿಗೆ ಕೊಕ್ಕು ಹಿಂಜರಿಯಲಿ ಎಂದು.
ಈನೋಸ್ ಅದನ್ನು ಎತ್ತಿ ಹಿಡಿದಿದ್ದ,
ಉಬ್ಬುತ್ತಿರುವ ಬ್ರೆಡ್ಡಿನ ಹಿಟ್ಟು ಹಿಡಿದವನ ಹಾಗೆ.

ಅಲ್ಲೇ ಹೇಳಿದೆ:
ಜಾಗ ಮಲಗಲಿಕ್ಕಲ್ಲ, ಈನೋಸ್.
ಮಲಗಲು ಅವಕ್ಕೆ ಒಂದೊಂದು ಗೇಣು ಕೋಲು ಸಾಕು.
ಮೊದಲನೆಯದು ಎದುರಾದಾಗ ಆರನೆಯದು
ಮೂರು ಹೆಜ್ಜೆ ಆಚೆ ಹೋಗಿ
ಏನೋ ಹೆಕ್ಕುತ್ತಿರುವಂತೆ ನಟಿಸಬೇಕು.
ಆ ಮೂರು ಹೆಜ್ಜೆಗೆ ನಾನು ಬೆಲೆ ಹಾಕುವುದು.

ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ:
ನನಗೆ ಎರಡಡಿ ಸಾಲುತ್ತಿತ್ತು, ಹೌದು.
ನನಗೆ ಅಡುಗೆಮನೆ ಇತ್ತಲ್ಲ,
ಅದರ ಬಾಗಿಲಿಗೆ ಕೊಕ್ಕೆ ಇತ್ತು.
ಒಬ್ಬ ಹುಡುಗನಿದ್ದ, ಬರ್ಟನ್,
ಬ್ಲೂ ರಾಕ್ಸ್ ಕಡೆಯವನು, ಎಲ್ಲರಿಗಿಂತ ಚಿಕ್ಕವನು.
ಪಾಳಿ ಮುಗಿದರೂ ಕೆಳಗಿಳಿಯುತ್ತಿರಲಿಲ್ಲ,
ಡೆಕ್ಕಿನ ಮೇಲೆ ಹಗ್ಗದ ಸುರುಳಿಯ ಹಿಂದೆ,
ಹಲ್ಲು ಕಟಕಟಿಸುವ ಚಳಿಯಲ್ಲಿ.
ನಕ್ಷತ್ರದ ಹುಚ್ಚು ಇವನಿಗೆ ಅಂದುಕೊಂಡಿದ್ದೆ.
ಚಹಾ ಕೊಟ್ಟು
ಒಳಗೆ ಬರುತ್ತಿದ್ದೆ.

ಮುಂದೆ ಹೇಳಲಿಲ್ಲ.
ಕೋಳಿ ಅವನ ತೋಳಿನ ಮೇಲೆ ಹೇತಿತು.
ಒರೆಸಿಕೊಳ್ಳಲಿಲ್ಲ.

ಅವನ ಹಿತ್ತಲಲ್ಲಿ ಒಡೆದುಹಾಕಿದ ದೋಣಿಯೊಂದರ
ಚುಕ್ಕಾಣಿಕೋಣೆ ಬೋರಲು ಬಿದ್ದಿತ್ತು.
ಹಿಮ ಕಡಿದು, ಉರುಳೆಯ ಮೇಲೆ ಎಳೆದು,
ಗೂಡಿಗೆ ಜೋಡಿಸಿದೆವು, ಎರಡು ದಿನದ ಕೆಲಸ.
ಈಗ ಇಪ್ಪತ್ತೊಂಬತ್ತು ಚದರಡಿ,
ಮೂರು ಕಡೆ ಗಾಜು,
ಕೋಳಿಗಳು ಕಪ್ತಾನರ ಹಾಗೆ ಬಿರುಗಾಳಿ ನೋಡುತ್ತವೆ.
ನಡುವೆ ಒಂದು ಹಲಗೆ ಅಡ್ಡ ನಿಲ್ಲಿಸಿದೆ,
ಒಂದರ ಕಣ್ಣಿಗೆ ಇನ್ನೊಂದು ಬೀಳದಿರಲೆಂದು.
ಅದೊಂದಕ್ಕೆ ಅವನು ಚೌಕಾಸಿ ಮಾಡಲಿಲ್ಲ.

ರಾತ್ರಿ ಟಾರ್ಚು ಹಿಡಿದು ಇಣುಕಿದೆವು.
ಅಷ್ಟೊಂದು ಜಾಗ ಬಿಟ್ಟು
ಆರೂ ಹಳೆಯ ಕೋಲಿನ ಒಂದೇ ತುದಿಗೆ,
ರೆಕ್ಕೆಗೆ ರೆಕ್ಕೆ ಒತ್ತಿ.
ಡಾಂಬರಿನ ವಾಸನೆಯದು ಕೊನೆಯಲ್ಲಿ,
ಐದನೆಯದರ ಮಗ್ಗುಲಿಗೆ ಒರಗಿಕೊಂಡು.

ನೋಡು, ಹನ್ನೆರಡೂ ಬೇಕಾಗಿರಲಿಲ್ಲ,
ಎಂದು ಗೊಣಗಿದ ಈನೋಸ್.
ಬಾಗಿಲು ಮುಚ್ಚಿ ಕೊಕ್ಕೆ ಹಾಕಿದ.
ನಾಲ್ಕು ಹೆಜ್ಜೆ ನಡೆದು,
ತಿರುಗಿ ಬಂದು, ಕೊಕ್ಕೆ ತೆಗೆದು,
ಬೆರಳು ಮಡಚುತ್ತ ಎಣಿಸಿದ.