ಅಬೀಲಿಯೋ, ಗುರುವಾರದೊಳಗೆ

ಕೂತುಕೊ ಅಬೀಲಿಯೋ. ಟೋಪಿ ತೆಗೆಯಬೇಕಿಲ್ಲ,
ಇದು ಇಗರ್ಜಿಯಲ್ಲ.
ಇಪ್ಪತ್ತಾರು ವರ್ಷ ಈ ಮತೊಸಿನ್ಯೋಸ್ ಬಂದರಿನಲ್ಲಿ
ಜನರನ್ನು ಕೆಲಸಕ್ಕೆ ಆರಿಸಿದವಳು ನಾನು:
ಮೀನಿನ ಕಾರ್ಖಾನೆಗೆ, ಕ್ರೇನಿಗೆ, ಕೋಲ್ಡ್ ಸ್ಟೋರೇಜಿಗೆ,
ಒಮ್ಮೆ ಒಂದು ಸರ್ಕಸ್ಸಿಗೂ.
ಕೊಡು ಇಲ್ಲಿ, ನೋಡೋಣ ನಿನ್ನ ಕಾಗದ.

ಮೂರು ಪುಟ!
ನಾನು ಒಂದೊಂದು ಅರ್ಜಿಗೆ ಕೊಡುವುದು
ಕಾಫಿಯ ಮೊದಲ ಗುಟುಕು ಗಂಟಲಿಳಿಯುವಷ್ಟು ಹೊತ್ತು.
ಎರಡನೆಯ ಪುಟ ಓದಿದ್ದು
ಮುಷ್ಕರದ ದಿನ, ಬಸ್ಸಿಲ್ಲದೆ ಕೂತಾಗ ಮಾತ್ರ.

'ಶ್ರಮಜೀವಿ, ಪ್ರಾಮಾಣಿಕ, ಹೊಂದಿಕೊಳ್ಳುವ ಸ್ವಭಾವ.'
ಅಳಿಸು.
ಕಳ್ಳನೂ ಇದನ್ನೇ ಬರೆಯುತ್ತಾನೆ, ಅಕ್ಷರ ನಿನಗಿಂತ ದುಂಡಗೆ.
ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು.
ಹೇಳು, ಸಾರ್ಡೀನ್ ಡಬ್ಬಿಗಳ ಸಾಲಿನಲ್ಲಿ
ಮುಚ್ಚಳ ಕೂರದ ಒಂದನ್ನು ಹೇಗೆ ಹಿಡಿಯುತ್ತಿದ್ದೆ?
ಬೆರಳ ಗೆಣ್ಣಿನಿಂದ ತಟ್ಟಿ? ಸದ್ದಿನಿಂದಲೇ?
ದಿನಕ್ಕೆಷ್ಟು ತಟ್ಟುತ್ತಿದ್ದೆ?
ನಾಲ್ಕು ಸಾವಿರ!
ಮಾರಾಯ, ಇದನ್ನು ಬಿಟ್ಟು
'ಹೊಂದಿಕೊಳ್ಳುವ ಸ್ವಭಾವ' ಅಂತ ಬರೆದೆಯಲ್ಲ.

ಇಲ್ಲಿ ಎರಡು ವರ್ಷ ಖಾಲಿ ಇದೆ.
ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದೀಯ,
ಹರಿದ ಮೊಣಕೈ ಮುಚ್ಚಿಕೊಳ್ಳುವ ಹುಡುಗನ ಹಾಗೆ.
ತೆಗೆ ಕೈ.
ಹೆಂಡತಿಯ ಡಯಾಲಿಸಿಸ್, ವಾರಕ್ಕೆ ಮೂರು ದಿನ,
ಹೋಗಿ ಬರಲು ನಲವತ್ತು ಕಿಲೋಮೀಟರು.
ಬರೆ. ಒಂದೇ ಸಾಲು. ಗೋಳಾಡಬೇಡ, ಅಡಗಿಸಬೇಡ.
ಖಾಲಿ ಜಾಗ ಕಂಡರೆ ನಮ್ಮಂಥವರು
ಅಲ್ಲೊಂದು ಜೈಲು ಕಟ್ಟುತ್ತೇವೆ, ಇಲ್ಲವೇ ಹೆಂಡದಂಗಡಿ.

ಹತ್ತೂವರೆ ಎಂದರೆ ಹತ್ತೂ ಇಪ್ಪತ್ತಕ್ಕೆ ಹೋಗು.
ಒಂಬತ್ತಕ್ಕೇ ಹೋಗಿ ಬಾಗಿಲು ಕಾಯಬೇಡ.

ನಿಲ್ಲು.
ಈ ಮಾತನ್ನು ಎಲ್ಲರಿಗೂ ಹೇಳುತ್ತ ಬಂದೆ,
ಯಾಕೆ ಅಂತ ಹೇಳಿರಲಿಲ್ಲ.

ದೊರಿಂದಾ ಎಂಬಾಕೆ. ತೊಂಬತ್ತೊಂಬತ್ತನೆಯ ಇಸವಿ, ಫೆಬ್ರವರಿ,
ಗಾಳಿ ಸಮುದ್ರವನ್ನೆತ್ತಿ ಬೀದಿಗೆ ಎಸೆಯುತ್ತಿದ್ದ ದಿನ
ಒಂದು ಗಂಟೆ ಮೊದಲೇ ಬಂದು ಕಾರಿಡಾರಿನಲ್ಲಿ ಕೂತಿದ್ದಳು.
ಬೂಟಿನಿಂದ ನೀರಿಳಿದು ನೆಲದ ಮೇಲೆ
ಸಣ್ಣದೊಂದು ಕೆರೆ.
ಮೂರು ಸಲ ದಾಟಿ ಹೋದೆ. ಮೂರನೆಯ ಸಲ ಜಾರಿದೆ.
ಅಷ್ಟೇ.
ಅವಳ ಉತ್ತರಗಳಲ್ಲಿ ತಪ್ಪಿರಲಿಲ್ಲ.
ಷರಾ ಕಾಲಮಿನಲ್ಲಿ ಬರೆದೆ: 'ವಿಪರೀತ ಆತುರ.'
ಅವಳ ಹಳ್ಳಿಯಿಂದ ದಿನಕ್ಕೆರಡೇ ಬಸ್ಸು
ಎಂದು ಬರೆಯಲು ನನ್ನ ಫಾರ್ಮಿನಲ್ಲಿ ಜಾಗವಿರಲಿಲ್ಲ.

ಈಗ ಮಾರ್ಕೆಟ್ಟಿನ ಎದುರು ಬ್ರೆಡ್ಡಿನಂಗಡಿ ನಡೆಸುತ್ತಾಳೆ.
ಬೆಳಿಗ್ಗೆ ಏಳಕ್ಕೆ ಎರಡು ಬನ್ನು ಕೊಳ್ಳುತ್ತೇನೆ.
ನನ್ನ ಗುರುತು ಇದೆಯೋ ಇಲ್ಲವೋ.
ಚಿಲ್ಲರೆ ಕೊಡುವಾಗ ಒಮ್ಮೊಮ್ಮೆ
ಕಣ್ಣೆತ್ತಿ ನೋಡುತ್ತಾಳೆ,
ಒಂದು ಗುಟುಕು ಕಾಫಿ ಗಂಟಲಿಳಿಯುವಷ್ಟು ಹೊತ್ತು.

ಹೋಗಲಿ. ಶರ್ಟಿನ ವಿಷಯ:
ಹೊಸದು ಬೇಡ, ಕಾಲರು ಕುತ್ತಿಗೆ ಕುಯ್ಯುತ್ತದೆ.
'ನಿಮ್ಮ ದೌರ್ಬಲ್ಯವೇನು' ಅಂತ ಕೇಳುತ್ತಾರೆ;
'ಪರಿಪೂರ್ಣತೆಯ ಹುಚ್ಚು' ಅಂದೀಯ, ಜೋಕೆ!
ಎಡಗಿವಿ ಮಂದ ಅನ್ನು. ಮಷೀನು ತಿಂದ ಕಿವಿ.
ಡಬ್ಬಿಯ ಸುಳ್ಳು ಹಿಡಿದದ್ದೆಲ್ಲ ಬಲಗಿವಿ,
ಆ ಕಡೆ ಕೂತು ಮಾತಾಡಿ, ಅನ್ನು.
ಕೇಳಿಸದೆ ತಲೆಯಾಡಿಸಿ
ಕೆಲಸ ಕಳೆದುಕೊಂಡವರನ್ನು ಬಲ್ಲೆ.
ಸಂಬಳ ಕೇಳಿದರೆ ಒಂದು ಅಂಕಿ ಹೇಳಿ ಸುಮ್ಮನಾಗು.
ಆಮೇಲಿನ ಮೌನ ಕಷ್ಟ, ಗೊತ್ತು.
ಅದನ್ನು ಅವರು ತುಂಬಲಿ.

ಆಗಲಿಲ್ಲ ಅನ್ನು.
ಪತ್ರ ಬಂತು: 'ವಿಷಾದದಿಂದ ತಿಳಿಸುತ್ತೇವೆ.'
ಆ ಪತ್ರ ಬರೆದವಳು ನಾನೇ,
ಎಷ್ಟೋ ವರ್ಷದ ಹಿಂದೆ, ಊಟಕ್ಕೆ ಮುಂಚೆ, ಹಸಿವಿನಲ್ಲಿ.
ಅವತ್ತಿನಿಂದ ಹೆಸರು ಮಾತ್ರ ಬದಲಾಗುತ್ತದೆ.
ವಿಷಾದ ಅದರಲ್ಲಿ ಇಲ್ಲ.
ನಿನ್ನ ಮೇಲಿನ ತೀರ್ಪೂ ಇಲ್ಲ.
ಯಾರೋ ಒದ್ದೆ ನೆಲದಲ್ಲಿ ಜಾರಿರಬಹುದು.

ತಗೊ, ಬನ್ನು ತಿನ್ನು, ಇನ್ನೂ ಬಿಸಿ ಇದೆ.
ಇವತ್ತು ಎರಡರ ದುಡ್ಡಿಗೆ ಮೂರು ಕೊಟ್ಟಿದ್ದಾಳೆ.
ಎಣಿಕೆ ತಪ್ಪುವವಳಲ್ಲ.